ಮುಖಕ್ಕೆ ಏಳದ ಕೈ

ಶ್ರೀ ಗುರುನರಸಿಂಹಾಯ ನಮಃ
ಶ್ರೀ ಮೂಕಾಂಬಿಕೆಯ ಚರಣಗಳೇ ಗತಿ

ಕಿರಿಮಂಜೇಶ್ವರ
ವ್ಯಯನಾಮ ಸಂವತ್ಸರದ ಆಶ್ವಯುಜ ಶುದ್ಧ ದಶಮಿ, ವಿಜಯದಶಮಿಯ ಪುಣ್ಯದಿನ
(೧೯೪೬ನೆಯ ಇಸವಿ ಅಕ್ಟೋಬರ್ ೫)

ಚಿರಂಜೀವಿ ಕಮಲಾಕ್ಷನಿಗೆ ನಿನ್ನ ದೊಡ್ಡ ಮಾವ ಶಾಮರಾಯ ಐತಾಳನು ಮಾಡುವ ಅನಂತ ಆಶೀರ್ವಾದಗಳು. ಅದಾಗಿ, ಇಲ್ಲಿ ನಾವೆಲ್ಲರೂ ದೈವಾನುಗ್ರಹದಿಂದ ಕ್ಷೇಮ. ಮುಂಬಯಿಯಲ್ಲಿ ನಿನ್ನ ಕ್ಷೇಮವನ್ನು ಸದಾ ಹಾರೈಸುತ್ತಿದ್ದೇವೆ.

ನಿನ್ನ ಕಾಗದ ಕೈಸೇರಿತು. ಹೋಟೆಲಿನ ರುಬ್ಬುಗಲ್ಲಿನಿಂದ ಗಟ್ಟಿಯಾದ ನಿನ್ನ ತೋಳುಗಳನ್ನು ಕಂಡು ಪ್ರೇಮಾನಂದ ಮಾಸ್ತರರು ತಮ್ಮ ತಾಲೀಮುಖಾನೆಗೆ ಕರೆದೊಯ್ದು ಮುಷ್ಟಿಯುದ್ಧದ ವಿದ್ಯೆ ಕಲಿಸಲಾರಂಭಿಸಿದಾಗ ನನಗದು ಹಿತವೆನಿಸಿರಲಿಲ್ಲ. ಆದರೆ ಕಲಿತ ವಿದ್ಯೆ ಯಾವುದಾದರೂ ಸರಸ್ವತಿಯದೇ. ಮಕರಸಂಕ್ರಮಣದ ಬಳಿಕ ನಡೆಯುವ ಪಂದ್ಯದಲ್ಲಿ ಗೆದ್ದವನನ್ನು ರೈಲ್ವೆ ಕಾರ್ಖಾನೆಯವರು ತಮ್ಮ ತಂಡಕ್ಕೆ ತೆಗೆದುಕೊಂಡು ಖಾಯಂ ನೌಕರಿಯನ್ನೂ ಇರಲು ಒಂದು ಕೋಣೆಯನ್ನೂ ಕೊಡುವರೆಂದು, ಆಗ ಅಮ್ಮನನ್ನು ಅಲ್ಲಿಗೆ ಕರೆಸಿಕೊಳ್ಳುವೆನೆಂದು ನೀನೇ ಬರೆದಿರುವೆ. ಹೀಗಿದ್ದೂ ಅದೇ ಕಾಗದದ ಕೊನೆಯಲ್ಲಿ, ‘ಬೆಳಿಗ್ಗೆ ತಾಲೀಮಿಗೆ ಏಳಲು ಮನಸ್ಸೇ ಬರುವುದಿಲ್ಲ’ ಎಂದಿರುವುದರ ಅರ್ಥವೇನು?

ಈಶ್ವರನ ಅಭಿಷೇಕಕ್ಕೆ ಬಾವಿಯಿಂದ ನೀರು ಸೇದುವುದರಲ್ಲಿಯೇ ನನ್ನ ಆಯುಷ್ಯ ಕಳೆಯಿತು. ನಿತ್ಯವೂ ಮನಸ್ಸಿತ್ತೆಂದು ತಿಳಿಯಬೇಡ. ಆಷಾಢದ ಮುಂಜಾನೆ ಹಗ್ಗ ಕೈಗೆ ಹಾವಿನಂತೆ ತಣ್ಣಗೆ ಹತ್ತುವಾಗ ಮನಸ್ಸು ಕಂಬಳಿಯೊಳಗೇ ಇರುತ್ತದೆ. ಅದು ಎದ್ದು ಬರಲೆಂದು ನಾನು ಕಾದಿದ್ದರೆ ದೇವರು ಒಣಗಿ ನಿಲ್ಲುತ್ತಿದ್ದ. ನೀನು ಮೊದಲು ಕೊಡ ಎತ್ತು, ಮನಸ್ಸು ಹಿಂದಿನಿಂದ ಬರುತ್ತದೆ.

ಮುಷ್ಟಿಯುದ್ಧಕ್ಕೆ ಗೋಚರ್ಮದ ಚೀಲವನ್ನು ಕೈಗೆ ತೊಡುವ ವಿಚಾರವನ್ನೂ ನೀನು ಕೇಳಿದ್ದೆ. ಕಳಚಿದ ಮೇಲೆ ಮಿಂದು ಆಚಮನ ಮಾಡಿ ಸಂಧ್ಯಾವಂದನೆಗೆ ಕೂಡಬಹುದು. ತೊಗಲು ಬಿಗಿದ ಚಂಡೆ ಬಾರಿಸುವವನನ್ನು ದೇವರೇನೂ ಅಂಗಳದಿಂದ ಹೊರಗಟ್ಟಿಲ್ಲ.

ಕಾಗದ ಓದುವಾಗ ನಿನ್ನ ತಾಯಿ ಎಂದಿನಂತೆ ಬಲಗಿವಿಯನ್ನು ನನ್ನತ್ತ ತಿರುಗಿಸಿ ಕುಳಿತಿದ್ದಳು. ನಿನ್ನ ಬಾಲ್ಯದಲ್ಲಿ ಬಂದ ಜ್ವರ ಅವಳ ಎಡಗಿವಿಯನ್ನು ಒಯ್ದುದು ನಿನಗೆ ತಿಳಿದೇ ಇದೆ. ಎಲ್ಲವನ್ನೂ ಕೇಳಿ, ‘ಅಣ್ಣ, ಅವ್ನ್ ಕೈ ಹ್ಯಾಂಗಿತ್ತ್ ಅಂದ್ ಕೇಂಡ್ ಬರಿ’ ಎಂದಳು.

‘ಕೈಗೆ ಎಂತ ಆತ್ತ್ ಪದ್ಮಾ? ದಪ್ಪ ಚೀಲ ಕಟ್ಕಂತ ಅಲ್ದಾ?’

‘ನೀ ಕೇಳ್ ಅಷ್ಟೆ’ ಎಂದು ಎದ್ದುಹೋದಳು. ನಿನಗೆ ನೋವಾದೀತೆಂಬ ಚಿಂತೆಯಿರಬೇಕು. ಉತ್ತರ ಬರೆ.

ಇತಿ ಆಶೀರ್ವಾದಗಳು.

ಮುಂಬಯಿ
೧೯೪೬ ಅಕ್ಟೋಬರ್ ೧೯

ತೀರ್ಥರೂಪ ಸಮಾನರಾದ ದೊಡ್ಡ ಮಾವನವರ ಸನ್ನಿಧಿಗೆ ಕಮಲಾಕ್ಷನ ಸಾಷ್ಟಾಂಗ ನಮಸ್ಕಾರಗಳು.

ತಾವು ಬರೆದಂತೆ ಕೊಡ ಎತ್ತಿ ನೋಡಿದೆ. ಕೆಲವು ದಿನ ಇಡ್ಲಿಯ ಒಲೆ ಹೊತ್ತಿಸುವ ಮೊದಲೇ ಎದ್ದು ಸಮುದ್ರದಂಡೆಯಲ್ಲಿ ಓಡಿದೆ, ಹಗ್ಗ ಹಾರಿದೆ, ಮರಳಿನ ಚೀಲಕ್ಕೆ ಗುದ್ದಿದೆ. ಮರಳಿನ ಚೀಲದೆದುರು ನನ್ನಂಥ ಶೂರ ಮುಂಬಯಿಯಲ್ಲೇ ಇಲ್ಲವೆಂದು ಮಾಸ್ತರರು ನಗುತ್ತಾರೆ. ಚೀಲಕ್ಕೆ ಮುಖವಿಲ್ಲವಲ್ಲ.

ಆಮೇಲೆ ಮತ್ತೆ ಹಾಗೆಯೇ ಆಯಿತು. ಎಚ್ಚರವಾಗುತ್ತದೆ, ಆದರೆ ಚಾಪೆ ಬಿಡುವುದಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ತಿಳಿಯದು. ಪಂದ್ಯದ ಪಟ್ಟಿಯಲ್ಲಿ ಹೆಸರು ಸೇರಿದೆ.

ಅಮ್ಮನಿಗೆ ಹೇಳಿ, ಕೈ ಹೇಗಿರಬೇಕೋ ಹಾಗೆಯೇ ಇದೆ. ಅವಳಿಗೆ ಅಷ್ಟು ಸಾಕು.

ತಮ್ಮ ಕಮಲಾಕ್ಷ

ಕಿರಿಮಂಜೇಶ್ವರ
ಕಾರ್ತಿಕ ಬಹುಳ ದ್ವಾದಶಿ (೧೯೪೬ ನವೆಂಬರ್ ೨೦)

ಚಿರಂಜೀವಿ ಕಮಲಾಕ್ಷನಿಗೆ ಆಶೀರ್ವಾದಗಳು.

ನಿನ್ನ ಹೋಟೆಲಿನಲ್ಲಿಯೇ ಇರುವ ನಮ್ಮ ಕೆಳಗಿನ ಮನೆಯ ಕುಷ್ಟ ಹಬ್ಬಕ್ಕೆ ಬಂದವನು ಮೊನ್ನೆ ಅಂಗಳದಲ್ಲಿ ನಿಂತು, ‘ಹ್ವಾಯ್ ಐತಾಳ್ರೆ, ನಿಮ್ ಅಳಿಯ ಅಲ್ಲಿ ಹೊಡುಕೆ ಹೋಪುದಾ, ಹೊಡ್ಸ್‌ಕಂಬುಕೆ ಹೋಪುದಾ?’ ಎಂದು ನಗಾಡಿದ.

‘ಎಂತ ಅಂದ್ ಸಮ ಹೇಳ್ ಮಾರಾಯ’ ಎಂದೆ.

‘ಹೊಟ್ಟಿಗೆ, ಪಕ್ಕಿಗೆ ಚಂದ ಕೊಡ್ತ. ಮೋರಿ ಎದ್ರ್ ಬಂದ್ರ್ ಕೈ ಇಳ್ಸ್‌ತ. ಈಗ ಎಲ್ಲರಿಗೂ ಗೊತ್ತಾಯಿತ್. ಎದ್ರಿನವ ಕೈ ಕೆಳ್ಗ್ ಬಿಟ್ಕಂಡೇ ಕುಣಿತ, ಮಾರೋ ಭಟ್‌ಜೀ ಅಂದ್ ಮೋರಿ ಮುಂದ್ ಹಿಡಿತ. ಇವ ಕಾಣ್ತಾ ನಿಂತ್ಕಂತ. ನಮ್ಗೇ ಹೊಟ್ಟಿ ಉರಿತ್ತ್ ಕಾಣಿ.’

ಎದುರಾಳಿಯ ಮುಖಕ್ಕೆ ನಿನ್ನ ಕೈ ಏಳುವುದಿಲ್ಲವೆಂದು ಕೇಳಿ ತಲೆ ತಗ್ಗಿಸಿದೆ. ನಿನ್ನ ಆಲಸ್ಯದ ಮೂಲ ಈಗ ತಿಳಿಯಿತು. ಅದು ಭಯ. ಭೀರುವಾದವನಿಗೆ ಮುಂಜಾನೆ ಭಾರವಾಗುವುದು ಸಹಜ. ಆದರೆ ಭಯಕ್ಕೆ ದಯೆಯ ವೇಷ ತೊಡಿಸಬೇಡ. ಅರ್ಧ ಮಂತ್ರ ಹೇಳುವ ಅರ್ಚಕನಿಗಿಂತ ಮೌನವಾಗಿ ಗಂಧ ತೇಯುವವನು ಮೇಲು. ಹೊಡೆಯುವೆಯಾದರೆ ಪೂರ್ತಿ ಹೊಡೆ, ಇಲ್ಲವೇ ರುಬ್ಬುಗಲ್ಲಿಗೆ ಹಿಂದಿರುಗು.

ನಿನ್ನ ತಾಯಿ ಈಚೆಗೆ ಮಾತು ಕಡಿಮೆ ಮಾಡಿದ್ದಾಳೆ. ಹೆಚ್ಚು ಹೊತ್ತು ಮಲಗಿಯೇ ಇರುತ್ತಾಳೆ. ಮನೆಯ ಸಂಗತಿಯನ್ನು ಮನೆಯಲ್ಲಿರುವವರು ನೋಡಿಕೊಳ್ಳುತ್ತೇವೆ. ನಿನ್ನ ಚಿತ್ತ ಪಂದ್ಯದಲ್ಲಿರಲಿ.

ಇತಿ ಆಶೀರ್ವಾದಗಳು.

ಮುಂಬಯಿ
೧೯೪೬ ಡಿಸೆಂಬರ್ ೪

ದೊಡ್ಡ ಮಾವನವರ ಚರಣಗಳಿಗೆ ನಮಸ್ಕಾರಗಳು.

ಭೀರು ಎಂಬ ಶಬ್ದವನ್ನು ತಮ್ಮ ಹಸ್ತಾಕ್ಷರದಲ್ಲಿ ಓದಿದ ಮೇಲೆ ಮುಚ್ಚಿಡಲಾರೆ.

ಮುಂಬಯಿಗೆ ಹೊರಡುವ ಮೊದಲು ಅಮ್ಮ ನನ್ನನ್ನು ಕೊಲ್ಲೂರಿಗೆ ಕರೆದುಕೊಂಡು ಹೋದುದು ತಮಗೆ ನೆನಪಿರಬಹುದು. ಬೇರೆ ತಾಯಂದಿರು ಮಾಂಸ ತಿನ್ನಬೇಡ, ಹೆಂಡ ಮುಟ್ಟಬೇಡ ಎಂದು ಮಕ್ಕಳಿಂದ ಮಾತು ಪಡೆಯುತ್ತಾರೆ. ಅಮ್ಮ ಅದೊಂದನ್ನೂ ಕೇಳಲಿಲ್ಲ. ಸರಸ್ವತೀ ಮಂಟಪದಲ್ಲಿ ದೀಪ ಮುಟ್ಟಿಸಿ, ‘ಯಾರ್ ಮೋರಿಗೂ ಕೈ ಎತ್ತುದಿಲ್ಲೆ ಅಂದ್ ಹೇಳ್ ಮಗಾ. ಎಂತದ್ದೇ ಸಿಟ್ಟ್ ಬರ್ಲಿ, ಯಾರೇ ಆಯ್ಲಿ’ ಎಂದಳು. ಹೇಳಿದೆ. ಹೋಟೆಲಿನ ಕೆಲಸಕ್ಕೆ ಹೊರಟವನಿಗೆ ಆ ಮಾತು ಹಗುರವಾಗಿಯೇ ಕಂಡಿತು. ಹೊಡೆಯುವ ಕೈಯಿಂದಲೇ ಅನ್ನ ಹುಟ್ಟೀತೆಂದು ಆಗ ಯಾರು ಕಂಡಿದ್ದರು?

ಮೊದಮೊದಲು ಪಕ್ಕೆಗೆ ಹೊಡೆದೇ ಗೆಲ್ಲುತ್ತಿದ್ದೆ. ಅದೊಂದು ವಿಶೇಷವೆಂದು ಮಾಸ್ತರರೂ ಮೆಚ್ಚಿದರು. ಕುಷ್ಟ ಹೇಳಿದುದು ಸತ್ಯ, ಈಗ ಎಲ್ಲರಿಗೂ ತಿಳಿದುಹೋಗಿದೆ. ಅವರು ಪಕ್ಕೆಯನ್ನು ಮುಚ್ಚಿ ಮುಖವನ್ನು ತೆರೆದಿಡುತ್ತಾರೆ. ಬೆಳಿಗ್ಗೆ ಎಚ್ಚರವಾದೊಡನೆ, ಇಂದೂ ಒಬ್ಬನ ತೆರೆದ ಮುಖದ ಮುಂದೆ ಕೈ ಇಳಿಸಿ ನಿಂತು ಪೆಟ್ಟು ತಿನ್ನಬೇಕಲ್ಲ ಎಂಬುದೇ ಮೊದಲು ನೆನಪಾಗುತ್ತದೆ. ಮಾವ, ಯಾವ ಕೊಡವನ್ನು ಎತ್ತಲಿ?

ಕೈಗೆ ಚೀಲವಿರುವುದರಿಂದ ಹೊಡೆಯುವುದು ನನ್ನ ಕೈಯಲ್ಲ ಎನ್ನಲು ಶಾಸ್ತ್ರದಲ್ಲಿ ಅವಕಾಶವಿದೆಯೇ? ಇಲ್ಲವಾದರೆ ಅಮ್ಮನನ್ನು ಕೇಳಿ. ಇದು ಸಿಟ್ಟಿನ ಹೊಡೆತವಲ್ಲ, ಅವಳನ್ನು ಇಲ್ಲಿಗೆ ಕರೆತರುವ ದಾರಿ ಎಂದು ತಿಳಿಸಿ ಹೇಳಿ. ‘ಬಿಟ್ಟಿದ್ದೇನೆ’ ಎಂದು ಅವಳು ಅಂದರೆ ಸಾಕು. ಪಂದ್ಯಕ್ಕೆ ಮೊದಲು ಆ ಮಾತು ನನಗೆ ಮುಟ್ಟಬೇಕು.

ತಮ್ಮ ಕಮಲಾಕ್ಷ

(ಕಾರ್ಡು)

ಮುಂಬಯಿ
೧೯೪೭ ಜನವರಿ ೧೨

ನಮಸ್ಕಾರಗಳು. ಅಂಚೆಯವನ ದಾರಿ ನೋಡಿ ಸಾಕಾಯಿತು. ಅಮ್ಮ ಒಪ್ಪಲಿಲ್ಲವೆಂದೂ ಅದನ್ನು ಬರೆಯಲು ತಮಗೆ ಮನಸ್ಸಾಗಲಿಲ್ಲವೆಂದೂ ತಿಳಿದುಕೊಂಡೆ. ಬರುವ ಭಾನುವಾರ ಪಂದ್ಯ. ಅವಳ ಮೇಲೆ ನನಗೆ ಸಿಟ್ಟಿಲ್ಲವೆಂದು ಹೇಳಿ.

ಕಮಲಾಕ್ಷ

ಕಿರಿಮಂಜೇಶ್ವರ
ಪುಷ್ಯಮಾಸ, ಮಕರಸಂಕ್ರಮಣ (೧೯೪೭ ಜನವರಿ ೧೪)

ಚಿರಂಜೀವಿ ಕಮಲಾಕ್ಷನಿಗೆ ಆಶೀರ್ವಾದಗಳು. ಉತ್ತರ ತಡವಾದುದರ ಕಾರಣವನ್ನು ಕೇಳು. ಕೇಳಿ ಧೈರ್ಯಗೆಡಬೇಡ.

ದೀಪಾವಳಿಯ ಎಣ್ಣೆಸ್ನಾನದ ದಿನ ನಿನ್ನ ತಾಯಿ ಬಚ್ಚಲಿನ ಹಂಡೆಯ ಬಳಿ ಬಿದ್ದಳು. ಬಲಭಾಗಕ್ಕೆ ಪಾರ್ಶ್ವವಾಯು ಬಡಿಯಿತು, ನಾಲಗೆಯೂ ನಿಂತಿತು. ಪ್ರಜ್ಞೆಯಿದೆ, ಗಂಜಿ ಇಳಿಯುತ್ತದೆ, ನಾವು ಆಡುವುದು ತಿಳಿಯುತ್ತದೆ. ಮಾತು ಮಾತ್ರ ಇಲ್ಲ. ‘ಮಾತು ಕಡಿಮೆ ಮಾಡಿದ್ದಾಳೆ’ ಎಂದು ನಾನು ಬರೆದುದು ಈ ಸ್ಥಿತಿಯನ್ನೇ. ಪಂದ್ಯ ಮುಗಿಯುವವರೆಗೆ ನಿನ್ನ ಚಿತ್ತ ಕದಡದಿರಲೆಂದು ಅಷ್ಟರಲ್ಲಿ ನಿಲ್ಲಿಸಿದ್ದೆ, ಕುಷ್ಟನಿಗೂ ಬಾಯಿ ಬಿಡಬೇಡವೆಂದಿದ್ದೆ.

ಹೀಗಿರುವಾಗ ನಿನ್ನ ಕಾಗದ ಬಂದಿತು. ಚೀಲದ ಪ್ರಶ್ನೆಗೆ ಉತ್ತರ ಸುಲಭ. ಸೌಟಿನಲ್ಲಿ ಬಡಿಸಿದವನು ತಾನು ಬಡಿಸಲಿಲ್ಲ ಎನ್ನಲಾರ. ಚೀಲದೊಳಗಿರುವುದು ನಿನ್ನ ಕೈಯೇ. ಇನ್ನು, ಮಾತನ್ನು ಪಡೆದವರೇ ಮಾತನ್ನು ಬಿಡಬೇಕು. ಪಡೆದವರು ಬದುಕಿದ್ದು ನಾಲಗೆ ಒಂದೇ ಇಲ್ಲವಾದರೆ ಮಾಡತಕ್ಕದ್ದೇನು? ಮನೆಯ ಗ್ರಂಥದ ಕಟ್ಟುಗಳನ್ನೆಲ್ಲ ಬಿಚ್ಚಿದೆ. ಕೋಟದ ವಿದ್ವಾಂಸರಿಗೆ ಹೇಳಿಕಳುಹಿಸಿದೆ. ಎಲ್ಲಿಯೂ ನಿರ್ಣಯ ದೊರೆಯಲಿಲ್ಲ. ಮನೆಯಲ್ಲಿ ಅವಳನ್ನೇ ಕೇಳಿದರೆ ಕಣ್ಣು ಮುಚ್ಚುತ್ತಿದ್ದಳು. ‘ಬಿಟ್ಟಿದ್ದಾಳೆ’ ಎಂದು ನಾನೇ ಬರೆದುಬಿಡೋಣವೆಂದು ಅನೇಕ ಸಲ ಕುಳಿತೆ.

ನಿನ್ನ ಅತ್ತೆ ಅಮ್ಮಣ್ಣಿ ನೋಡಿ ನೋಡಿ ಬೇಸತ್ತು, ‘ಒಂದ್ ಸಾಲ್ ಬರ್ದ್ರೆ ದೇವ್ರ್ ನಿಮ್ ಕೈ ಮುರುದಿಲ್ಲೆ’ ಎಂದಳು.

‘ಸುಳ್ಳ್ ಬರೂಕಾತ್ತಾ?’

‘ಮಾಣಿ ಅಲ್ಲಿ ಪೆಟ್ಟ್ ತಿಂತ. ನೀವ್ ಇಲ್ಲಿ ಪುಸ್ತಕ ಮಡ್ಸಿ ಬಿಚ್ಚಿ, ಬಿಚ್ಚಿ ಮಡ್ಸಿ!’

ಆದರೂ ಆ ಸಾಲನ್ನು ಬರೆಯಲಾರದೆ ಹೋದೆ.

ಕೊನೆಗೆ, ಮಾತು ಪಡೆದಲ್ಲಿಯೇ ಕೇಳುವುದೆಂದು ನಿಶ್ಚಯಿಸಿ ಕರಿಯನ ಗಾಡಿಯಲ್ಲಿ ಹುಲ್ಲು ಹಾಸಿ ಅವಳನ್ನು ಮಲಗಿಸಿಕೊಂಡು ಕೊಲ್ಲೂರಿಗೆ ಹೋದೆವು. ಸರಸ್ವತೀ ಮಂಟಪದ ಕಂಬಕ್ಕೆ ಒರಗಿಸಿ ಕುಳ್ಳಿರಿಸಿ, ನಾನು ಬಲಗಿವಿಯ ಬಳಿ ಬಾಗಿ, ‘ಪದ್ಮಾ, ಇಲ್ಲೇ ಅಲ್ದಾ ಮಗನ್ ಮಾತ್ ತಕಂಡದ್? ಅದ್ನ್ ಬಿಡ್ತ್ಯಾ? ಅವ ಸಿಟ್ಟಿಗ್ ಹೊಡುದಲ್ಲ, ನಿನ್ನ್ ಕರ್ಕಂಡ್ ಹೋಪುಕೆ’ ಎಂದೆ. ಕಣ್ಣು ಮುಚ್ಚಲಿಲ್ಲ. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಬಳಿಕ, ಆಡುವ ಎಡಗೈಯನ್ನು ಮೇಲೆತ್ತಿ ನನ್ನ ಕೆನ್ನೆಗೆ ಹೊಡೆದಳು.

ಹೊಡೆದ ಕೈ ಕೆಳಗೆ ಬೀಳದೆ ಕೆನ್ನೆಯ ಮೇಲೆಯೇ ಉಳಿಯಿತು. ಅದು ಹೊಡೆತವಲ್ಲ, ಸವರಲು ಹೋದ ಕೈಗೆ ಹಿಡಿತ ತಪ್ಪಿದ್ದು ಎನ್ನುತ್ತಾಳೆ ನಿನ್ನ ಅ‌ತ್ತೆ. ‘ಮುಖಕ್ಕೂ ಹೊಡೆಯಬಹುದು’ ಎಂದು ನನ್ನ ಮೇಲೆಯೇ ತೋರಿಸಿಕೊಟ್ಟಳೆಂದು ನಾನು ತಿಳಿದೆ. ‘ಇದನ್ನು ಕೇಳಲು ಬಂದೆಯಾ’ ಎಂಬ ಕೋಪವೇ ಆಗಿದ್ದರೆ? ಹೊರಗೆ ಕರಿಯ, ‘ಅಯ್ಯ, ಕೆನ್ನಿ ಕೆಂಪಾಯಿತಲೆ?’ ಎಂದ. ಕುಂಕುಮ ಎಂದೆ.

ಇನ್ನೊಂದು ಸಂಗತಿಯನ್ನು ನೀನು ತಿಳಿಯಬೇಕು. ಅವಳ ಎಡಗಿವಿಯನ್ನು ಒಯ್ದುದು ಜ್ವರವಲ್ಲ. ಕಾಲವಾದ ನಿನ್ನ ತಂದೆಯ ಕೈ. ನೀನಿನ್ನೂ ಮಾತು ಕಲಿಯುತ್ತಿದ್ದ ಶಿಶು. ಜ್ವರವೆಂದು ಊರಿಗೆ ಹೇಳಿದೆವು. ಅವಳು ನಿನ್ನಿಂದ ಆ ಮಾತನ್ನೇ ಏಕೆ ಪಡೆದಳೆಂಬುದು ಈಗ ನಿನಗೆ ತಿಳಿದೀತು. ನೀನು ಆಡುವುದು ಬೇರೆ ಬಗೆಯ ಹೊಡೆತವೆಂಬುದು ಅವಳಿಗೂ ತಿಳಿದಿರಬೇಕೆಂದು ನಂಬಿ ಬರೆಯುತ್ತೇನೆ: ನಿನ್ನ ತಾಯಿ ನಿನ್ನನ್ನು ಮಾತಿನಿಂದ ಬಿಟ್ಟಿದ್ದಾಳೆ. ನನ್ನ ತಿಳಿವಳಿಕೆ ತಪ್ಪಾದರೆ ದೋಷ ನನಗಿರಲಿ, ನಿನ್ನ ಕೈಗೆ ತಗಲದಿರಲಿ.

ಈಗಲೇ ಅಂಚೆಗೆ ಹಾಕುತ್ತೇನೆ. ಪಂದ್ಯಕ್ಕೆ ಮೊದಲು ಮುಟ್ಟಲಿ ಎಂಬುದೊಂದೇ ಈ ಸಂಕ್ರಮಣದ ಪ್ರಾರ್ಥನೆ.

ಮುಂಬಯಿ
೧೯೪೭ ಜನವರಿ ೩೦

ದೊಡ್ಡ ಮಾವನವರ ಚರಣಗಳಿಗೆ ಸಾಷ್ಟಾಂಗ ನಮಸ್ಕಾರಗಳು.

ತಮ್ಮ ಕಾಗದ ಪಂದ್ಯದ ಮರುದಿನ ಮುಟ್ಟಿತು. ಅಮ್ಮನ ಸುದ್ದಿ ಓದಿ ರುಬ್ಬುಗಲ್ಲಿನ ಬಳಿ ಕುಳಿತವನನ್ನು ಕುಷ್ಟನೇ ಎಬ್ಬಿಸಿದ. ರಜೆ ಕೇಳಿದ್ದೇನೆ. ಬದಲಿಗೆ ಆಳು ಸಿಕ್ಕಿದೊಡನೆ ಬಿಡುವೆನೆಂದು ಯಜಮಾನರು ಹೇಳಿದ್ದಾರೆ.

ಸೋತೆ. ರೈಲ್ವೆಯ ನೌಕರಿ ಎದುರಾಳಿಗೆ ಆಯಿತು. ಗಿರಣಿಯಲ್ಲಿ ನೂಲು ಕಟ್ಟುವ ಹುಡುಗ, ಕೆಟ್ಟವನಲ್ಲ. ಮೂರನೆಯ ಸುತ್ತಿನಲ್ಲಿ ಅವನ ಪಕ್ಕೆಗೆ ಒಳ್ಳೆಯ ಪೆಟ್ಟು ಬಿದ್ದು ಉಸಿರು ಕಟ್ಟಿತು, ಕೈಗಳು ಜಾರಿದವು. ನಗುತ್ತಿರಲಿಲ್ಲ, ನಿಜವಾಗಿಯೇ ಮುಖ ತೆರೆದಿತ್ತು. ‘ಈಗ! ಈಗ!’ ಎಂದು ಮಾಸ್ತರರು ಹಗ್ಗದಾಚೆಯಿಂದ ಕೂಗಿದರು. ನನ್ನ ಬಲಗೈಗೆ ಅವನ ಎಡಗಿವಿ ನೇರವಾಗಿತ್ತು. ಕೈ ಏಳಲಿಲ್ಲ. ಅಷ್ಟರಲ್ಲಿ ಅವನು ಸುಧಾರಿಸಿಕೊಂಡ. ಆಮೇಲಿನದು ನನಗೆ ನೆನಪಿಲ್ಲ.

ಕೊಟ್ಟ ಮಾತಿನಿಂದಾಗಿ ಹಾಗಾಯಿತೆಂದು ಆ ದಿನ ತಿಳಿದೆ. ಮರುದಿನ ತಮ್ಮ ಕಾಗದ ಬಂತು. ನೌಕರಿ ಹೋಯಿತು, ವಿದ್ಯೆಯಾದರೂ ಉಳಿಯಲಿ ಎಂದು ಮಾಸ್ತರರಿಗೆ ಎಲ್ಲವನ್ನೂ ಹೇಳಿದೆ. ಅವರು ತಾವೇ ಎದುರು ನಿಂತು, ‘ತಾಯಿ ಬಿಟ್ಟಾಯಿತಲ್ಲ? ನನ್ನ ಮುಖಕ್ಕೆ ಕೊಡು’ ಎಂದರು. ಎತ್ತಿದೆ. ಭುಜದವರೆಗೆ ಬಂದು ನಿಂತಿತು. ‘ಕೊಡೋ!’ ಎಂದು ಬೈದರು. ಕೈ ಅಲ್ಲಿಂದ ಮುಂದೆ ಹೋಗಲಿಲ್ಲ. ಅವರು ನನ್ನ ಚೀಲದ ದಾರ ಬಿಚ್ಚಿದರು. ‘ಸಾಕು ಮಗ. ಇದನ್ನು ಕಲಿಸಲು ನನಗೆ ಬರುವುದಿಲ್ಲ’ ಎಂದರು.

ಮಾವ, ಶಿಶುವಾಗಿದ್ದೆ ಎಂದು ಬರೆದಿದ್ದೀರಿ. ನಾನು ಕಂಡಿದ್ದೆ. ಒಳಬಾಗಿಲ ಹೊಸ್ತಿಲಲ್ಲಿ ಬೆಲ್ಲ ತಿನ್ನುತ್ತಾ ಕುಳಿತಿದ್ದೆ. ಅಪ್ಪನ ಬಲಗೈ ಅವಳ ಕಿವಿಗೆ ಹೇಗೆ ಹೋಯಿತೋ ಅದೇ ದಾರಿಯಲ್ಲಿ ನನ್ನ ಕೈಯೂ ಹೋಗಬೇಕು. ಮಾಸ್ತರರು ಕಲಿಸುವ ಪೆಟ್ಟು ಅದೇ. ಅಮ್ಮ ನೆಲದಿಂದ ಎದ್ದು ಬಂದು ಮೊದಲು ನನ್ನ ಬಾಯಿಯ ಬೆಲ್ಲ ಒರೆಸಿದಳು. ‘ಯಾರ್ ಕೇಂಡ್ರೂ ಜ್ವರ ಅಂದ್ ಹೇಳ್ ಮಗಾ’ ಎಂದಳು. ನಾನು ಕಂಡದ್ದು ಅವಳಿಗೆ ಗೊತ್ತು. ಆದುದರಿಂದಲೇ ದೀಪ ಮುಟ್ಟಿಸಿದಳು. ಅವಳು ಮಾತನ್ನು ಬಿಟ್ಟಿರಬಹುದು. ಕಂಡದ್ದನ್ನು ಬಿಡಿಸಲು ಅವಳಿಗಾದರೂ ಹೇಗೆ ಸಾಧ್ಯ?

ಒಂದು ವಿಚಿತ್ರ ಬರೆದು ಮುಗಿಸುವೆ. ತಾಲೀಮು ಬಿಟ್ಟಾಯಿತು, ಈಗ ಏಳಬೇಕಾದುದಿಲ್ಲ. ಆದರೂ ನಿತ್ಯ ಆ ಹೊತ್ತಿಗೇ ಎದ್ದು ಕೂರುತ್ತೇನೆ. ಎದ್ದವನು ಏನು ಮಾಡಬೇಕೆಂದು ತಿಳಿಯದು. ಅದೊಂದನ್ನು ಬರೆಯಿರಿ.

ತಮ್ಮ ಕಮಲಾಕ್ಷ

ಕಿರಿಮಂಜೇಶ್ವರ
ಮಾಘ ಬಹುಳ ಚತುರ್ದಶಿ, ಶಿವರಾತ್ರಿಯ ಪ್ರಾತಃಕಾಲ (೧೯೪೭ ಫೆಬ್ರವರಿ ೧೮)

ಚಿರಂಜೀವಿ ಕಮಲಾಕ್ಷನಿಗೆ ದೊಡ್ಡ ಮಾವನ ಆಶೀರ್ವಾದಗಳು.

ನಿನ್ನ ಕಾಗದವನ್ನು ಅವಳಿಗೆ ಓದಿದೆ. ಬೇಡವೆಂದು ಅಮ್ಮಣ್ಣಿ ತಡೆದಳು. ನಾನು ಕೇಳಲಿಲ್ಲ. ಸೋತೆ ಎಂಬಲ್ಲಿ ಅವಳು ಅಲುಗಲಿಲ್ಲ. ‘ನಾನು ಕಂಡಿದ್ದೆ’ ಎಂಬಲ್ಲಿಗೆ ಬಂದಾಗ ತಾನಾಗಿ ತಲೆಯನ್ನು ಹೊರಳಿಸಿ, ಬಲಗಿವಿಯನ್ನು ದಿಂಬಿಗೆ ಒತ್ತಿ, ಕೇಳದ ಕಿವಿಯನ್ನು ನನ್ನ ಕಡೆಗೆ ಮಾಡಿದಳು. ಮುಂದಿನ ಸಾಲುಗಳನ್ನು ನಾನೊಬ್ಬನೇ ಓದಿಕೊಂಡೆ.

ಎದ್ದವನು ಏನು ಮಾಡಬೇಕೆಂದು ಕೇಳಿರುವೆ. ಕೊಡದ ದೃಷ್ಟಾಂತ ಹೇಳಿದವನು ನಾನು, ಆಲಸ್ಯವೆಂದೆ, ಭಯವೆಂದೆ. ಇಂದು ಬೆಳಿಗ್ಗೆ ಬಾವಿಯ ಕಟ್ಟೆಯ ಮೇಲೆ ಹಗ್ಗ ಹಿಡಿದು ಬಹಳ ಹೊತ್ತು ನಿಂತಿದ್ದೆ. ನಿನಗೆ ಬರೆಯತಕ್ಕ ಉತ್ತರ ನೀರಿನೊಡನೆ ಮೇಲೆ ಬರಲಿಲ್ಲ. ಅಭಿಷೇಕಕ್ಕೆ ತಡವಾಯಿತೆಂದು ಯಾರೋ ಕರೆದ ಮೇಲೆ ಸೇದಿದೆ. ನನಗೆ ತಿಳಿಯದು ಮಗು. ಎದ್ದರೆ ಕುಳಿತಿರು. ನಿದ್ದೆ ಬಂದರೆ ಮಲಗು. ರಜೆ ಸಿಕ್ಕಿದಾಗ ಬಾ. ಬಂದರೆ ಅವಳ ಬಲಕ್ಕೆ ಕುಳಿತುಕೋ. ಏನನ್ನೂ ಕೇಳಬೇಡ. ಅವಳ ಎಡಗೈ ಮೇಲೆದ್ದರೆ ಮುಖ ತಪ್ಪಿಸಬೇಡ, ಅದು ಹೇಗೆ ಬಿದ್ದರೂ.

ಚೀಲದ ದಾರ ಬಿಚ್ಚಿದ ಪ್ರೇಮಾನಂದ ಮಾಸ್ತರರಿಗೆ ಆಯುರಾರೋಗ್ಯವಿರಲಿ. ನಿನ್ನನ್ನು ಎಬ್ಬಿಸಿದ ಕುಷ್ಟನ ಮನೆಯಲ್ಲಿ ದೀಪ ಉರಿಯಲಿ. ನಿನ್ನನ್ನು ಗೆದ್ದ ಆ ಗಿರಣಿಯ ಹುಡುಗನಿಗೆ ನೌಕರಿ ನಿಲ್ಲಲಿ. ಅವನ ಕಿವಿಗಳೆರಡೂ ಕಡೆಯವರೆಗೆ ಕೇಳಲಿ, ಅವನನ್ನು ಹೆತ್ತವಳ ಕರೆ ಅವನಿಗೆ ಮುಟ್ಟಲಿ. ಕಾಲವಾದವನ ಕೈಗೂ ಶಾಂತಿ ದೊರೆಯಲಿ. ನಿನ್ನ ತಾಯಿ ಪದ್ಮಾಕ್ಷಿಗೆ ಮಾತು ಬರಲಿ. ಬಾರದಿದ್ದರೆ, ಅದರ ಅಗತ್ಯ ಅವಳಿಗೆ ಬೀಳದಿರಲಿ. ಏಳದೆ ನಿಂತ ನಿನ್ನ ಬಲಗೈಯನ್ನು ಗುರುನರಸಿಂಹನು ತನ್ನ ಕೈಯಲ್ಲಿ ಹಿಡಿದುಕೊಳ್ಳಲಿ. ಸರ್ವರಿಗೂ ಮಂಗಳವಾಗಲಿ.